ಹುಣಸೆ ಬೀಜದ ಸಿಟ್ಟು

ಮೇ ತಿಂಗಳಲ್ಲಿ ಮೊಮ್ಮಕ್ಕಳು ಬೆಂಗಳೂರಿನಿಂದ ಬಂದರೆ ಸಾಗರದ ನಮ್ಮ ಮನೆಯಲ್ಲಿ ಎರಡು ದಿನ ಹಬ್ಬ. ಮೂರನೆಯ ದಿನದಿಂದ 'ಅಜ್ಜ, ಬೋರು' ಶುರುವಾಗುತ್ತದೆ. ಈ ಸಲ ಮೂರನೆಯ ದಿನವೇ ಗುಡುಗು ಮಳೆ ಬಂದು ಕರೆಂಟೂ ಹೋಯಿತು. ನಾನು ಕಪಾಟಿನಿಂದ ಇಸ್ಪೀಟಿನ ಕಟ್ಟು ಹುಡುಕಿ ತಂದು, "ಬನ್ನಿ, ಕತ್ತೆ ಆಡೋಣ" ಅಂದೆ.

ಪುಟ್ಟ ಮುಖ ಸಪ್ಪಗೆ ಮಾಡಿಕೊಂಡ. "ಬೇಡ ಅಜ್ಜ. ಯಾವಾಗಲೂ ನೀವೇ ಗೆಲ್ಲೋದು."

ಸುಳ್ಳೇನಲ್ಲ. ಮಕ್ಕಳೆಂದು ಸೋತುಕೊಡುವ ಅಭ್ಯಾಸ ನನಗಿಲ್ಲ.

ಆಗ ಮೊಮ್ಮಗಳು ಚೀಲದಿಂದ ಒಂದೇ ಒಂದು ಹಾಳೆ ತೆಗೆದಳು. ಈಗಷ್ಟೇ ಹತ್ತನೆಯ ತರಗತಿ ಮುಗಿಸಿದವಳು. ಅವಳೂ ಅವಳ ಗೆಳತಿಯರೂ ಭಾನುವಾರ ಯಾರದಾದರೂ ಮನೆಯಲ್ಲಿ ಸೇರಿ ಇಂಥ ಆಟ ಆಡುತ್ತಾರಂತೆ. "ಇದರಲ್ಲಿ ಗೆಲ್ಲೋದು ಸೋಲೋದು ಇಲ್ಲ. ಎಲ್ಲರೂ ಸೇರಿ ಕಥೆ ಕಟ್ಟೋದು" ಅಂದಳು.

"ಗೆಲ್ಲೋದೇ ಇಲ್ಲ ಅಂದ್ರೆ ಅದೆಂಥಾ ಆಟ ಮಾರಾಯ್ತಿ?" ಅಂದೆ.

ಇದಕ್ಕೆ ರೋಲ್ ಪ್ಲೇಯಿಂಗ್ ಗೇಮ್ ಅನ್ನುತ್ತಾರೆ. ಒಬ್ಬೊಬ್ಬರೂ ಒಂದು ಪಾತ್ರವಾಗಿ ಮಾತಾಡಬೇಕು, ನಡೆಯುತ್ತದೋ ಇಲ್ಲವೋ ಎಂಬ ಸಂದೇಹ ಬಂದಲ್ಲಿ ದಾಳ ಉರುಳಿಸಬೇಕು. ನನ್ನ ಹೆಂಡತಿಗೆ ನಾನು ಹೇಳಿದ್ದು ಹೀಗೆ: "ತಾಳಮದ್ದಳೆ ಇದ್ದ ಹಾಗೆ ಕಣೆ. ವೇಷ ಇಲ್ಲ, ಕುಣಿತ ಇಲ್ಲ, ಕೂತಲ್ಲೇ ಅರ್ಥ ಹೇಳೋದು." ಒಂದು ವ್ಯತ್ಯಾಸ ಮಾತ್ರ ಇದೆ. ತಾಳಮದ್ದಳೆಯಲ್ಲಿ ಅರ್ಥಧಾರಿ ಎಷ್ಟೇ ವಾದ ಹೂಡಲಿ, ವಾಲಿ ಸಾಯುವುದು ಎಲ್ಲರಿಗೂ ಗೊತ್ತು. ಇಲ್ಲಿ ಕೊನೆ ಏನೆಂದು ಆಡಿಸುವವರಿಗೂ ಗೊತ್ತಿರುವುದಿಲ್ಲ.

ಈ ಜಾತಿಯ ಆಟ ಮೊದಲು ಪುಸ್ತಕವಾಗಿ ಅಚ್ಚಾದದ್ದು 1974ರಲ್ಲಿ, ಅಮೆರಿಕದಲ್ಲಿ. ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬಿಬ್ಬರು ಮಾಡಿದ 'ಡಂಜನ್ಸ್ ಆಂಡ್ ಡ್ರ್ಯಾಗನ್ಸ್'. ಅದರ ಈಗಿನ ಪುಸ್ತಕಗಳು ನಿಘಂಟಿನಷ್ಟು ದಪ್ಪ, ದಾಳಕ್ಕೆ 20 ಮುಖ. ಅದನ್ನು ನಮ್ಮಂಥವರು ಓದಿ ಮುಗಿಸುವಷ್ಟರಲ್ಲಿ ರಜೆ ಮುಗಿದಿರುತ್ತದೆ. ಆದರೆ ದೊಡ್ಡ ಕಂಪನಿಗಳ ಹಂಗಿಲ್ಲದೆ ಒಬ್ಬರೋ ಇಬ್ಬರೋ ಕೂತು ಬರೆಯುವ ಪುಟ್ಟ ಆಟಗಳೂ ಇವೆ. ಕೆಲವು ಐವತ್ತು ಪುಟ, ಕೆಲವು ಒಂದೇ ಹಾಳೆ. ಮೊಮ್ಮಗಳು ತಂದದ್ದು ಇಂಥವನ್ನು.

ಒಂದು ಹಾಳೆಯ ಆಟದ ಹೆಸರು 'ಹನಿ ಹೈಸ್ಟ್', ಅಂದರೆ ಜೇನಿನ ಕಳವು. ಇಂಗ್ಲೆಂಡಿನ ಗ್ರಾಂಟ್ ಹೋವಿಟ್ ಬರೆದದ್ದು. ಆಡುವವರೆಲ್ಲ ಕರಡಿಗಳು, ಜೇನು ಕದಿಯಲು ಹೊರಟಿರುತ್ತವೆ. ಪ್ರತಿ ಕರಡಿಗೂ ಎರಡೇ ಅಂಕೆ: 'ಕರಡಿತನ' 3, 'ಕಳ್ಳತನ' 3. ಉಪಾಯ ಕೆಟ್ಟು ಸಿಟ್ಟು ಬಂದರೆ ಕಳ್ಳತನದಿಂದ ಒಂದು ಕಳೆದು ಕರಡಿತನಕ್ಕೆ ಸೇರಿಸಬೇಕು. ಉಪಾಯ ಫಲಿಸಿದರೆ ಅದಕ್ಕೆ ಉಲ್ಟಾ. ಕರಡಿತನ 6 ಆಯಿತೋ, ಕರಡಿ ಕೈತಪ್ಪಿ ಪೂರಾ ಕಾಡುಪ್ರಾಣಿಯಾಗಿಬಿಡುತ್ತದೆ. ಕಳ್ಳತನ 6 ಆದರೆ ಜೊತೆಯವರಿಗೇ ಮೋಸ ಮಾಡುತ್ತದೆ. ಕರಡಿಗೆ ಯಾವ ಟೋಪಿ ಎಂದು ನೋಡಲೂ ಒಂದು ದಾಳ ಹಾಕಬಹುದು!

ನಾವು ಜೇನಿನ ಬದಲು ಸಂತೆಯ ಬೆಲ್ಲ ಕದ್ದೆವು. ಮೂರು ಕರಡಿಗಳಲ್ಲಿ ಅಜ್ಜಿ ಕರಡಿಯೇ ಮುಂದಾಳು. ಬೆಲ್ಲದ ಅಂಗಡಿಯವನ ಹತ್ತಿರ ಅದು ಚೌಕಾಸಿಗೆ ನಿಂತಿತು. ದಾಳ ಕೈಕೊಟ್ಟಿತು, ಮತ್ತೆ ಕೈಕೊಟ್ಟಿತು, ಇನ್ನೊಂದು ಸಲವೂ ಕೈಕೊಟ್ಟಿತು. ಕರಡಿತನ 6. ಅರವತ್ತೆರಡು ವರ್ಷದ ನನ್ನ ಹೆಂಡತಿ, ಜೋರಾಗಿ ನಕ್ಕರೆ ಪಕ್ಕದ ಮನೆಗೆ ಕೇಳೀತು ಅನ್ನುವವಳು, ಎದ್ದು ನಿಂತು ಗುರ್ ಅಂದಳು. ಪುಟ್ಟ ನಕ್ಕು ನಕ್ಕು ಚಾಪೆಯ ಮೇಲೆ ಹೊರಳಾಡಿದ.

ಮರುದಿನವೂ ಮಳೆ. ಮಧ್ಯಾಹ್ನದ ಕಾಫಿ ಆದಮೇಲೆ ಎರಡನೆಯ ಆಟ ಹೊರಬಂತು. ನಾನು ನಿಜವಾಗಿ ಬರೆಯಹೊರಟದ್ದು ಇದರ ಬಗ್ಗೆ.

'ದಿ ಕ್ವಯೆಟ್ ಇಯರ್', ಸದ್ದಿಲ್ಲದ ಒಂದು ವರ್ಷ. ಏವರಿ ಆಲ್ಡರ್ ಎಂಬ ಕೆನಡಾದವರು ಬರೆದದ್ದು, 2013ರಲ್ಲಿ ಬಂದದ್ದು. ಬೇಕಾಗುವುದು ಒಂದು ದೊಡ್ಡ ಬಿಳಿ ಹಾಳೆ, ಪೆನ್ಸಿಲ್, ಒಂದು ಕಟ್ಟು ಇಸ್ಪೀಟು, ಲೂಡೋ ಪೆಟ್ಟಿಗೆಯ ಕೆಲವು ದಾಳ, ಒಂದು ಹಿಡಿ ಕಲ್ಲು ಅಥವಾ ಬೀಜ. ನಾಲ್ಕು ಜನರವರೆಗೆ ಆಡಬಹುದು. ಇದರಲ್ಲಿ ಯಾರಿಗೂ ಒಂದೊಂದು ಪಾತ್ರವಿಲ್ಲ. ಎಲ್ಲರೂ ಸೇರಿ ಒಂದು ಊರು. ಅರವತ್ತು ಎಂಬತ್ತು ಜನರ ಸಣ್ಣ ಊರು. ದೊಡ್ಡ ಜಗಳವೊಂದು ಈಗಷ್ಟೇ ಮುಗಿದಿದೆ, ಊರಿಗೆ ಒಂದು ವರ್ಷ ನೆಮ್ಮದಿ ಸಿಕ್ಕಿದೆ. ಹಾಳೆಯ ಮೇಲೆ ಆ ಊರಿನ ನಕ್ಷೆ ಬರೆಯುತ್ತ ಹೋಗುವುದೇ ಆಟ.

52 ಎಲೆಗೆ 52 ವಾರ. ಆಟೀನು ವಸಂತ, ಡೈಮನ್ ಬೇಸಗೆ, ಕಳಾವರ್ ಎಲೆ ಉದುರುವ ಕಾಲ, ಇಸ್ಪೀಟು ಚಳಿಗಾಲ. ಒಂದೊಂದು ಬಣ್ಣವನ್ನೂ ಬೇರೆ ಬೇರೆ ಕಲೆಸಿ, ವಸಂತ ಮೇಲಿರುವಂತೆ ಜೋಡಿಸಬೇಕು. ಸರದಿ ಬಂದವರು ಒಂದು ಎಲೆ ಎತ್ತಬೇಕು. ಆ ಎಲೆಗೆ ಪುಸ್ತಕದಲ್ಲಿ ಒಂದು ಪ್ರಶ್ನೆಯೋ ಘಟನೆಯೋ ಇರುತ್ತದೆ. ಉತ್ತರ ಹೇಳಿ ನಕ್ಷೆಯಲ್ಲಿ ಬರೆಯಬೇಕು. ಆಮೇಲೆ ಮೂರರಲ್ಲಿ ಒಂದು ಕೆಲಸ: ಹೊಸದೇನನ್ನಾದರೂ ಕಂಡುಹಿಡಿಯಬಹುದು, ಊರಲ್ಲಿ ಒಂದು ಕಾಮಗಾರಿ ಶುರುಮಾಡಬಹುದು, ಇಲ್ಲವೇ ಚರ್ಚೆ ಕರೆಯಬಹುದು. ಕಾಮಗಾರಿಗೆ ಎಷ್ಟು ವಾರ ಬೇಕೋ ಅಷ್ಟು ಚುಕ್ಕಿ ಮೇಲೆ ಕಾಣುವಂತೆ ಒಂದು ದಾಳ ಇಡುವುದು, ವಾರಕ್ಕೊಂದು ಚುಕ್ಕಿ ಇಳಿಸುವುದು. ಇಸ್ಪೀಟಿನ ರಾಜ ಬಂದ ಕೂಡಲೇ 'ಹಿಮದ ಮಂದೆಗಾರರು' ಊರಿಗೆ ಬರುತ್ತಾರೆ, ಆಟ ಅಲ್ಲಿಗೇ ಮುಗಿಯುತ್ತದೆ. ಅವರು ಯಾರೆಂದು ಪುಸ್ತಕ ಹೇಳುವುದಿಲ್ಲ.

ನನ್ನನ್ನು ಕಟ್ಟಿಹಾಕಿದ್ದು ಚರ್ಚೆಯ ನಿಯಮ. ಒಬ್ಬೊಬ್ಬರಿಗೂ ಒಂದೇ ಸಲ ಬಾಯಿ ತೆರೆಯಲು ಅವಕಾಶ, ಅದೂ ಒಂದೆರಡು ವಾಕ್ಯ. ಸುತ್ತು ಮುಗಿದ ಮೇಲೆ ತೀರ್ಮಾನ ಇಲ್ಲ, ಮತ ಹಾಕುವುದಿಲ್ಲ, ಯಾರು ಸರಿ ಎಂದು ಹೇಳುವವರಿಲ್ಲ. ಮುಂದಿನ ವಾರಕ್ಕೆ ಹೋಗಬೇಕು. ಚರ್ಚೆಯ ಹೊರಗೆ ಇನ್ನೊಬ್ಬರ ಸರದಿಗೆ ಸಲಹೆ ಕೊಡುವ ಹಾಗೂ ಇಲ್ಲ. ನನ್ನ ಮಾತು ಯಾರೂ ಕೇಳಲಿಲ್ಲ ಎಂದು ಅನ್ನಿಸಿದವರು ಸುಮ್ಮನೆ ಒಂದು ಕಲ್ಲು ತೆಗೆದು ತಮ್ಮ ಮುಂದೆ ಇಟ್ಟುಕೊಳ್ಳಬೇಕು. ಅದು ಅಸಮಾಧಾನದ ಗುರುತು. ನಾವು ಕಲ್ಲಿಗೆ ಬದಲಾಗಿ ಅಳಗುಳಿಮಣೆಯ ಡಬ್ಬಿಯಿಂದ ಹುಣಸೆ ಬೀಜ ತೆಗೆದುಕೊಂಡೆವು.

ಮೊದಲು ಒಬ್ಬೊಬ್ಬರೂ ನೆಲದ ಒಂದೊಂದು ಗುರುತು ಬರೆದೆವು. ಮೊಮ್ಮಗಳು ಗುಡ್ಡ, ಪುಟ್ಟ ಹಳ್ಳ, ಹೆಂಡತಿ ಕಾಡು. ನಾನು ಹಳ್ಳದ ಆಚೆ ತಗ್ಗಿನಲ್ಲಿ ಒಂದು ಒಂಟಿ ಮನೆ ಬರೆದೆ. ಎಡಕ್ಕೆ ಬಾವಿ, ಹಿಂದೆ ಹಲಸಿನ ಮರ, ಮುಂದೆ ಗದ್ದೆ. ಅಲ್ಲಿ ಯಾರಿದ್ದಾರೆ ಎಂದು ಪುಟ್ಟ ಕೇಳಿದ. ಒಬ್ಬ ಅಜ್ಜಿ ಅಂದೆ. ಆಮೇಲೆ ಊರಿಗೆ ಬೇಕಾದ ನಾಲ್ಕು ವಸ್ತು ಹೇಳಿ, ಒಂದು ಮಾತ್ರ ಯಥೇಚ್ಛ, ಉಳಿದದ್ದಕ್ಕೆ ಬರ ಎಂದು ಆರಿಸಬೇಕು. ನಮ್ಮ ಊರಿನಲ್ಲಿ ಉಪ್ಪು ಬೇಕಾದಷ್ಟು, ನೀರಿಗೆ ತತ್ವಾರ.

ಆಟ ಶುರುವಾಗಿ ಎರಡನೆಯ ಸುತ್ತಿನಲ್ಲಿ ಹೆಂಡತಿ ಕಣಜ ಬರೆಯಹೊರಟಳು. "ಅಲ್ಲಿ ಬೇಡ, ಥಂಡಿ ಜಾಗ. ಗುಡ್ಡದ ಮೇಲೆ ಹಾಕು" ಅಂದೆ. ಅವಳು ಮಾತಾಡಲಿಲ್ಲ. ಪೆನ್ಸಿಲ್ ಕೆಳಗಿಟ್ಟು, ಒಂದು ಹುಣಸೆ ಬೀಜ ತೆಗೆದು, ನನಗೆ ಕಾಣುವ ಹಾಗೆ ತನ್ನ ಮುಂದೆ ಇಟ್ಟುಕೊಂಡು, ಕಣಜವನ್ನು ತಾನೆಂದುಕೊಂಡ ಜಾಗದಲ್ಲೇ ಬರೆದಳು. ನಲವತ್ತು ವರ್ಷದ ಸಂಸಾರದಲ್ಲಿ ಅವಳು ಎಷ್ಟು ಬೀಜ ಇಟ್ಟುಕೊಳ್ಳಬೇಕಿತ್ತು ಎಂದು ಲೆಕ್ಕ ಹಾಕಲು ಹೋಗಿ ಬಿಟ್ಟುಬಿಟ್ಟೆ.

ಬೇಸಗೆಯ ಎಲೆಗಳು ಮುಗಿಯುತ್ತ ಬಂದಾಗ ಪುಟ್ಟನ ಸರದಿ. ಊರಿಗೆ ನೀರಿಲ್ಲ, ಹಳ್ಳ ಇದೆ. ಜಾಣ ಹುಡುಗ. "ಹಳ್ಳಕ್ಕೆ ಕಟ್ಟೆ ಕಟ್ತೀನಿ, ಆರು ವಾರ" ಎಂದು ಅಡ್ಡ ಗೆರೆ ಎಳೆದು ಅದರ ಮೇಲೆ ದಾಳ ಇಟ್ಟ. ನೀರು ಎಲ್ಲಿಯವರೆಗೆ ನಿಲ್ಲುತ್ತದೆ ಎಂದು ಚುಕ್ಕಿಯಲ್ಲಿ ತೋರಿಸಿದ. ಚುಕ್ಕಿಗಳು ಹಲಸಿನ ಮರ ದಾಟಿ ಹೋದವು.

ಮುಂದಿನ ಸರದಿ ನನ್ನದು. ದಾಳ 5ಕ್ಕೆ ಇಳಿಯಿತು. ನಾನು ಚರ್ಚೆ ಕರೆದೆ. "ಆಚೆ ಮನೆಯ ಅಜ್ಜಿಯನ್ನು ಏನು ಮಾಡೋದು?"

ಪ್ರಶ್ನೆ ಕೇಳಿದವರು ಕೊನೆಗೆ ಮಾತಾಡಬೇಕು. ಹೆಂಡತಿ ಅಂದಳು, "ಮೊದಲು ಅವರನ್ನೇ ಕೇಳಬೇಕಿತ್ತು." ಮೊಮ್ಮಗಳು, "ಅರವತ್ತು ಜನಕ್ಕೆ ನೀರು ಬೇಕು, ಅಲ್ಲಿರೋದು ಒಬ್ಬರು." ಪುಟ್ಟ, "ಅವರಿಗೆ ಬೇರೆ ಮನೆ ಕೊಟ್ರೆ ಆಯ್ತಲ್ಲ."

ನನ್ನ ಸರದಿ ಬಂತು. "ನೀರು ಒಂದೇ ದಿನ ಬರೋದಿಲ್ಲ" ಅಂದೆ. "ಮೊದಲು ಗದ್ದೆ ಹೋಗ್ತದೆ, ಆಮೇಲೆ ಬಾವಿ, ಕೊನೆಗೆ ಮನೆ."

ಎರಡು ವಾಕ್ಯ ಮುಗಿದವು. ಇನ್ನೂ ಹೇಳುವುದಿತ್ತು, ನಿಯಮ ಬಿಡಲಿಲ್ಲ. ಒಂದು ಹುಣಸೆ ಬೀಜ ತೆಗೆದು ಮುಂದೆ ಇಟ್ಟುಕೊಂಡೆ. ಹೆಂಡತಿ ನನ್ನ ಮುಖ ನೋಡಿದಳು, ನಕ್ಷೆ ನೋಡಿದಳು. ಬಾವಿ ಎಡಕ್ಕೆ, ಹಲಸು ಹಿಂದಕ್ಕೆ. ಅವಳಿಗೆ ಆಗಲೇ ಗೊತ್ತಾಗಿತ್ತು.

ಕಟ್ಟೆಯ ದಾಳ 4ಕ್ಕೆ ಇಳಿದಾಗ ಅವಳು ತನ್ನ ಸರದಿಯಲ್ಲಿ ಹೊಸ ಕಾಮಗಾರಿ ಹೂಡಿದಳು: ಅಜ್ಜಿಯ ಮನೆಯನ್ನು ಗುಡ್ಡದ ಮೇಲಕ್ಕೆ ಸಾಗಿಸುವುದು. "ಐದು ವಾರ ಬೇಕು. ಹಂಚು, ತೊಲೆ, ಪಾತ್ರೆ ಎಲ್ಲ ಹೊರಬೇಕಲ್ಲ." ಮೊಮ್ಮಗಳ ಸರದಿ ಮುಗಿದಾಗ ಕಟ್ಟೆ 3, ಮನೆ 4. ಲೆಕ್ಕ ಎಲ್ಲರಿಗೂ ಕಂಡಿತು. ನೀರು ಒಂದು ವಾರ ಮೊದಲೇ ಬರುತ್ತದೆ.

ಪುಟ್ಟ ಎಲೆ ಎತ್ತಿದ. ಮೊಮ್ಮಗಳು ಪುಸ್ತಕ ನೋಡಿ ಹೇಳಿದಳು: ಯಾವುದೋ ಒಂದು ಕಾಮಗಾರಿ ಬೇಗ ಮುಗಿಯಿತು, ಯಾವುದು ಎಂದು ಅವನೇ ಆರಿಸಬೇಕು. ಅವನ ಕೈ ಕಟ್ಟೆಯ ದಾಳದ ಮೇಲೆ ಹೋಯಿತು. ಎರಡು ದಿನದಿಂದ ಅವನು ಈ ಊರಿಗಾಗಿ ಮಾಡಿದ ಅತಿ ದೊಡ್ಡ ಕೆಲಸ ಅದು. ಯಾರೂ ಮಾತಾಡುವ ಹಾಗಿಲ್ಲ. ನಾನೂ ಮಾತಾಡಲಿಲ್ಲ, ಅದೊಂದು ನನಗೆ ಸುಲಭದ ಕೆಲಸವಾಗಿರಲಿಲ್ಲ.

ಅವನು ಮನೆಯ ದಾಳ ಎತ್ತಿಟ್ಟ. "ಊರಿನವರೆಲ್ಲ ಹೊತ್ತರು. ರಾತ್ರಿಯೂ ಹೊತ್ತರು" ಅಂದ. ಗುಡ್ಡದ ಮೇಲೆ ಒಂದು ಮನೆ ಬರೆದ. ಬಾವಿ ಬರೆಯಲು ಹೋಗಿ ನಿಲ್ಲಿಸಿ, "ಬಾವಿ ಹೊರೋಕೆ ಆಗಲ್ಲ ಅಲ್ವಾ?" ಅಂದ.

ಊಟಕ್ಕೆ ಒಮ್ಮೆ ಎದ್ದು ಮತ್ತೆ ಕೂತೆವು. ಚಳಿಗಾಲದ ಐದನೆಯ ಎಲೆಗೇ ಇಸ್ಪೀಟು ರಾಜ ಬಂದುಬಿಟ್ಟ. ಕಣಜದ ಮಾಡು ಅರ್ಧವಾಗಿತ್ತು, ಗುಡ್ಡದ ಮೇಲಿನ ಹೊಸ ಬಾವಿಗೆ ಇನ್ನೂ ಎರಡು ಚುಕ್ಕಿ ಇತ್ತು. ಹಾಗೇ ಬಿಡಬೇಕು, ಅದೇ ನಿಯಮ.

ದಾಳಗಳನ್ನು ಡಬ್ಬಿಗೆ ಹಾಕುತ್ತ ಪುಟ್ಟ ಕೇಳಿದ, "ಅಜ್ಜ, ಗದ್ದೆ ಮೊದಲು ಹೋಗ್ತದೆ ಅಂತ ನಿಮಗೆ ಹೇಗೆ ಗೊತ್ತು?"

ಶರಾವತಿಗೆ ಲಿಂಗನಮಕ್ಕಿಯಲ್ಲಿ ಕಟ್ಟಿದ ಅಣೆಕಟ್ಟು 1964ರಲ್ಲಿ ಮುಗಿಯಿತು. ಜೋಗದ ಬುಡದಲ್ಲಿ ಕರೆಂಟು ಮಾಡಲು ಬೇಕಾದ ನೀರು ನಿಲ್ಲುವುದು ಅದರ ಹಿಂದೆ. ಸಾಗರ, ಹೊಸನಗರದ ಕಡೆಯ ಎಷ್ಟೋ ಹಳ್ಳಿಗಳು ಆ ನೀರಿನ ಅಡಿಯಲ್ಲಿವೆ. ಅದರಲ್ಲಿ ಒಂದು ನಮ್ಮದು. ಆಗ ನನಗೆ ಏಳು ವರ್ಷ, ಈಗಿನ ಪುಟ್ಟನಿಗಿಂತ ಎರಡು ವರ್ಷ ಚಿಕ್ಕವನು. ಇದನ್ನು ನಾನು ಮಕ್ಕಳಿಗೂ ಸರಿಯಾಗಿ ಹೇಳಿರಲಿಲ್ಲ. ಕೇಳಿದರೆ 'ಮುಳುಗಡೆಯವರು ನಾವು' ಎಂದು ಒಂದು ಮಾತಿನಲ್ಲಿ ಮುಗಿಸುತ್ತಿದ್ದೆ. ಯಾರ ಮೇಲೂ ಸಿಟ್ಟಿನಿಂದಲ್ಲ. ಎಲ್ಲಿಂದ ಶುರು ಮಾಡುವುದೆಂದು ತಿಳಿಯುತ್ತಿರಲಿಲ್ಲ.

"ನಿಮಗೆ ಎಷ್ಟು ವಾರ ಇತ್ತು?" ಅಂದ ಪುಟ್ಟ, ಕೈಯಲ್ಲಿ ಇನ್ನೂ ದಾಳ ಇತ್ತು.

ಎಷ್ಟು ವಾರವೋ ನೆನಪಿಲ್ಲ ಅಂದೆ. ಲಾರಿ ನೆನಪಿದೆ. ಲಾರಿಯ ಮೇಲೆ ತೊಲೆಗಳು, ತೊಲೆಗಳ ಮೇಲೆ ಒನಕೆ, ಒರಳಿಗೆ ಜಾಗ ಸಾಲದೆ ಅದನ್ನು ಅಲ್ಲೇ ಬಿಟ್ಟದ್ದು. ಹೊರಡುವ ಬೆಳಿಗ್ಗೆ ಅಮ್ಮ ಬಾವಿಯಿಂದ ಒಂದು ಕೊಡ ನೀರು ಸೇದಿ ಲಾರಿಗೆ ಹತ್ತಿಸಿದ್ದು. ಹೊಸ ಊರು ತಲುಪುವಷ್ಟರಲ್ಲಿ ಅದು ಅರ್ಧ ಚೆಲ್ಲಿ ಹೋಗಿತ್ತು. ಮೊಮ್ಮಗಳು ಮೊಬೈಲಿನ ಬೆಳಕು ಹಿಡಿದು ನಕ್ಷೆಯ ಹಿಂಬದಿ ತಿರುಗಿಸಿ ಪೆನ್ಸಿಲ್ ಕೊಟ್ಟಳು. ಮಲಗುವಾಗ ಹನ್ನೊಂದು ಗಂಟೆ. ದಾರಿ, ದೇವಸ್ಥಾನ, ಶಾಲೆ, ಯಾರ್ಯಾರ ಮನೆ ಎಲ್ಲೆಲ್ಲಿ ಎಂದು ಬರೆಯುತ್ತ ಹೋದೆ. ಎರಡು ಮನೆಗಳ ಜಾಗ ಎಷ್ಟು ಯೋಚಿಸಿದರೂ ಬರಲಿಲ್ಲ, ಅಲ್ಲಿ ಸೊನ್ನೆ ಸುತ್ತಿ ಬಿಟ್ಟಿದ್ದೇನೆ. ನನ್ನ ಅಕ್ಕನಿಗೆ ಗೊತ್ತಿರಬಹುದು. ಅವಳಿಗೆ ಎಂಬತ್ತು ದಾಟಿದೆ. ಮುಂದಿನ ವಾರ ಹಾಳೆ ಹಿಡಿದುಕೊಂಡು ಅವಳ ಮನೆಗೆ ಹೋಗಬೇಕು.

ಮಕ್ಕಳು ಬೆಂಗಳೂರಿಗೆ ಹೋದರು. ಹುಣಸೆ ಬೀಜ ಮತ್ತೆ ಅಳಗುಳಿಮಣೆಯ ಡಬ್ಬಿ ಸೇರಿದೆ, ಒಂದು ನಾಲ್ಕೈದು ಮಾತ್ರ ಅಡುಗೆಮನೆಯ ಕಿಟಕಿಯಲ್ಲಿವೆ. ನಾನು ಒಗ್ಗರಣೆಗೆ ಸಲಹೆ ಕೊಟ್ಟ ದಿನ ಅವು ಊಟದ ತಟ್ಟೆಯ ಪಕ್ಕಕ್ಕೆ ಬರುತ್ತವೆ. ದೀಪಾವಳಿಗೆ ಬರುವಾಗ ಪುಟ್ಟ ಅಜ್ಜಿ ಕರಡಿಗೆ ನಿಜವಾದ ಟೋಪಿಯನ್ನೇ ತರುತ್ತಾನಂತೆ.