ಚಿಂತೆಗೂ ಚಿತೆಗೂ ನಡುವಿನ ಸೊನ್ನೆ

ಚಿಂತೆಗೂ ಚಿತೆಗೂ ಇರುವ ವ್ಯತ್ಯಾಸ ಒಂದೇ ಒಂದು ಸೊನ್ನೆ ಎಂದು ಹಿರಿಯರು ಹೇಳುವುದುಂಟು. ಮೇಲ್ನೋಟಕ್ಕೆ ಮಾತಿನ ಚಮತ್ಕಾರ ಎನಿಸಿದರೂ ಶರೀರವಿಜ್ಞಾನ ಇದನ್ನು ಪೂರ್ತಿಯಾಗಿ ತಳ್ಳಿಹಾಕುವುದಿಲ್ಲ.

ಒಬ್ಬ ಗೃಹಸ್ಥರನ್ನು ಊಹಿಸಿಕೊಳ್ಳಿ. ರಾತ್ರಿ ಮೂರು ಗಂಟೆಗೆ ಅವರಿಗೆ ಎಚ್ಚರವಾಗಿದೆ. ಮಗಳ ಮದುವೆಗೆ ಮಾಡಿದ ಸಾಲದ ಕಂತು ಕಣ್ಮುಂದೆ ಬರುತ್ತಿದೆ. ಎದೆ ಡವಡವ ಹೊಡೆದುಕೊಳ್ಳುತ್ತಿದೆ, ಅಂಗೈ ಬೆವರಿದೆ, ಬಾಯಿ ಒಣಗಿದೆ. ಕೋಣೆಯಲ್ಲಿ ಹುಲಿಯೇನೂ ಇಲ್ಲ. ಆದರೂ ದೇಹ ಮಾತ್ರ ಹುಲಿಯನ್ನು ಕಂಡಂತೆಯೇ ವರ್ತಿಸುತ್ತಿದೆ. ಏಕೆ?

ಅಪಾಯದ ಸುಳಿವು ಸಿಕ್ಕೊಡನೆ ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ ಸ್ರವಿಸುತ್ತವೆ. ಹೃದಯದ ಬಡಿತ ಏರುತ್ತದೆ, ರಕ್ತ ಸ್ನಾಯುಗಳತ್ತ ಹರಿಯುತ್ತದೆ, ಜೀರ್ಣಕ್ರಿಯೆ ನಿಧಾನವಾಗುತ್ತದೆ. ಹೋರಾಡು, ಇಲ್ಲವೇ ಓಡು ಎಂಬ ಈ ಸಿದ್ಧತೆಯನ್ನು ಅಮೆರಿಕದ ವಾಲ್ಟರ್ ಕ್ಯಾನನ್ 1915ರ ತಮ್ಮ ಗ್ರಂಥದಲ್ಲಿ ವಿವರಿಸಿದರು. ಹುಲಿ ಹೋದರೆ ಸಿದ್ಧತೆಯೂ ಇಳಿಯುತ್ತದೆ. ಸಾಲ ಹಾಗಲ್ಲ, ಅದು ದಿನವೂ ಮನೆಯಲ್ಲೇ ಇರುತ್ತದೆ. ಆಗ ಅದೇ ಗ್ರಂಥಿಗಳ ಇನ್ನೊಂದು ಹಾರ್ಮೋನು ಕಾರ್ಟಿಸಾಲ್ ದೀರ್ಘಕಾಲ ಹೆಚ್ಚಾಗಿ ಉಳಿಯಬಹುದು. ನಿದ್ರೆ ಕೆಡುತ್ತದೆ, ರಕ್ತದ ಒತ್ತಡ ಏರಬಹುದು, ರೋಗನಿರೋಧಕ ಶಕ್ತಿ ಕುಗ್ಗಬಹುದು. ಇಂಥ ದೀರ್ಘ ಒತ್ತಡದ ಪರಿಣಾಮಗಳತ್ತ 1936ರಲ್ಲಿ ಗಮನ ಸೆಳೆದವರು ಹ್ಯಾನ್ಸ್ ಸೆಲ್ಯೆ.

ಹೃದಯಕ್ಕೆ ನೇರವಾಗಿ ಆಜ್ಞೆ ಮಾಡಲಾಗದು. ಆದರೆ ಉಸಿರು ನಮ್ಮ ಮಾತು ಕೇಳುತ್ತದೆ. ಒಂದು ಸಣ್ಣ ಪ್ರಯೋಗ ಮಾಡಿ ನೋಡಿ. ಮಣಿಕಟ್ಟಿನ ನಾಡಿಯ ಮೇಲೆ ಬೆರಳಿಟ್ಟು ನಿಧಾನವಾಗಿ ಉಸಿರಾಡಿ. ಉಸಿರು ಎಳೆದುಕೊಳ್ಳುವಾಗ ನಾಡಿ ತುಸು ಚುರುಕಾಗುತ್ತದೆ, ಬಿಡುವಾಗ ನಿಧಾನಿಸುತ್ತದೆ. ಎಳೆಯರಲ್ಲಿ ಇದು ಹೆಚ್ಚು ಸ್ಪಷ್ಟ. ಹೃದಯಕ್ಕೆ ಕಡಿವಾಣ ಹಾಕುವ ವೇಗಸ್ ನರದ ಕೆಲಸವಿದು. ಎಳೆದುಕೊಂಡದ್ದಕ್ಕಿಂತ ಹೆಚ್ಚು ಹೊತ್ತು ಉಸಿರು ಬಿಡುತ್ತಾ ಐದು ನಿಮಿಷ ಕುಳಿತರೆ ದೇಹ ಶಾಂತವಾಗುವುದು ಇದರಿಂದಲೇ.

ಉಳಿದ ಉಪಾಯಗಳೂ ಸರಳವೇ. ದಿನವೂ ಒಂದೇ ವೇಳೆಗೆ ಏಳುವುದು, ಬೆಳಗಿನ ಬೆಳಕಿನಲ್ಲಿ ಅರ್ಧ ಗಂಟೆ ನಡೆಯುವುದು, ಸಂಜೆಯ ಕಾಫಿಯನ್ನು ಬಿಡುವುದು. ಕುಡಿದ ಕಾಫಿಯ ಕೆಫೀನಿನಲ್ಲಿ ಅರ್ಧ ಭಾಗ ಸುಮಾರು ಐದು ಗಂಟೆಯ ನಂತರವೂ ದೇಹದಲ್ಲಿ ಉಳಿದಿರುತ್ತದೆ. ಮದ್ಯ ನಿದ್ರೆ ತರಿಸಿದಂತೆ ತೋರಿದರೂ ನಡುರಾತ್ರಿಯ ನಿದ್ರೆಯನ್ನು ಕೆಡಿಸುತ್ತದೆ. ಎಲ್ಲಕ್ಕಿಂತ ಮುಖ್ಯವಾದುದು, ನಂಬಿಕೆಯ ಒಬ್ಬರೊಡನೆ ಮನಸ್ಸು ಬಿಚ್ಚಿ ಮಾತಾಡುವುದು.

ಇಷ್ಟಾದರೂ ಎರಡು ವಾರ ಕಳೆದು ಬೇಸರ ತಗ್ಗದಿದ್ದರೆ? ಊಟ ರುಚಿಸದೆ, ಇಷ್ಟದ ಕೆಲಸವೂ ಬೇಡವಾಗಿ, ತಾನು ನಿಷ್ಪ್ರಯೋಜಕ ಎನಿಸತೊಡಗಿದರೆ? ಆಗ ಅದು ಖಿನ್ನತೆ ಇರಬಹುದು. ‘ಧೈರ್ಯ ತಂದುಕೊಳ್ಳಿ’ ಎಂಬ ಉಪದೇಶದಿಂದ ಸಕ್ಕರೆ ಕಾಯಿಲೆ ಇಳಿಯುವುದಿಲ್ಲ, ಇದೂ ಇಳಿಯದು. ಕೆಲವೊಮ್ಮೆ ಥೈರಾಯ್ಡ್ ಕೊರತೆಯೂ ಹೀಗೆಯೇ ತೋರಬಹುದಾದ್ದರಿಂದ ವೈದ್ಯರ ಪರೀಕ್ಷೆ ಅಗತ್ಯ. ಮನೋವೈದ್ಯರ ಬಳಿಗೆ ಹೋದರೆ ನಾಲ್ಕು ಜನ ಏನೆನ್ನುವರೋ ಎಂಬ ಅಳುಕಿನಲ್ಲಿ ಎಷ್ಟೋ ಮನೆಗಳಲ್ಲಿ ಅಮೂಲ್ಯ ಸಮಯ ಕಳೆದುಹೋಗುತ್ತದೆ.

‘ಬದುಕುವುದೇ ಬೇಡ ಎನಿಸುತ್ತಿದೆಯೇ?’ ಎಂದು ನೇರವಾಗಿ ಕೇಳಲು ಮನೆಯವರು ಹೆದರುತ್ತಾರೆ. ಕೇಳಿದರೆ ಅಂಥ ಯೋಚನೆ ಹುಟ್ಟುತ್ತದೆ ಎಂಬುದು ತಪ್ಪು ಕಲ್ಪನೆ. ಅಕ್ಕರೆಯಿಂದ ಕೇಳಿದ ಪ್ರಶ್ನೆ ನೊಂದವರ ಭಾರವನ್ನು ಇಳಿಸಬಲ್ಲದು. ಉತ್ತರ ಹೌದಾದರೆ ಅವರನ್ನು ಒಂಟಿಯಾಗಿ ಬಿಡದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಬೇಕು.

ನೆರವು ದೂರವಿಲ್ಲ. 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗ, ಮಾನಸಿಕ ಚಿಕಿತ್ಸೆಯನ್ನು ಸಾಮಾನ್ಯ ಆರೋಗ್ಯ ಕೇಂದ್ರಗಳ ಮೂಲಕವೇ ನೀಡಬಹುದೆಂದು ತೋರಿಸಿತು. 1996ರಲ್ಲಿ ಆರಂಭವಾದ ರಾಷ್ಟ್ರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಗೆ 14416 ಸಂಖ್ಯೆಯಲ್ಲಿ ಹಗಲು ರಾತ್ರಿ ಉಚಿತವಾಗಿ, ಕನ್ನಡದಲ್ಲೇ ಮಾತಾಡಬಹುದು.

ಮೂರು ಗಂಟೆಗೆ ಎದ್ದು ಕುಳಿತ ಆ ಗೃಹಸ್ಥರು ಬೆಳಗಾದ ಮೇಲೆ ಹೆಂಡತಿಗೆ ವಿಷಯ ಹೇಳಿಕೊಂಡರೆ ಸಾಲವೇನೂ ತೀರದು. ಆದರೆ ಕಂತಿನ ಲೆಕ್ಕ ಹಾಕಲು ಎರಡು ತಲೆಗಳು ಕೂಡುತ್ತವೆ. ಚಿಂತೆ ಚಿಂತೆಯಾಗಿಯೇ ಉಳಿಯಲು, ಆ ಒಂದು ಸೊನ್ನೆ ಅಳಿಸಿಹೋಗದಿರಲು, ಮೊದಲ ಹೆಜ್ಜೆ ಅದೇ.