ಬರಿದಾದ ತಕ್ಕಡಿಯ ಪಾಠ

ತೊಗರಿ ತೂಗುವ ಮೊದಲು ಪ್ರಾಮಾಣಿಕ ವ್ಯಾಪಾರಿ ಬರಿದಾದ ತಕ್ಕಡಿಯನ್ನೇ ಎತ್ತಿ ನೋಡುತ್ತಾನೆ. ಎರಡು ತಟ್ಟೆಗಳೂ ಸಮನಾಗಿ ನಿಂತರೆ ಮಾತ್ರ ಆ ತೂಕಕ್ಕೆ ಬೆಲೆ. ಹವಾಮಾನ ವಿಜ್ಞಾನಿಗಳೂ ಇದನ್ನೇ ಮಾಡುತ್ತಾರೆಂದರೆ ವಿದ್ಯಾರ್ಥಿಗಳಿಗೆ ಆಶ್ಚರ್ಯವಾದೀತು.

ತಾಂಡೂರಿನ ತೊಗರಿಯಿಂದ ನಾರಾಯಣಖೇಡದ ಜೋಳದವರೆಗೆ ನಮ್ಮ ಬೆಳೆಗಳು ಬಹುಮಟ್ಟಿಗೆ ಮುಗಿಲನ್ನೇ ನಂಬಿವೆ. ಮಳೆಯ ಮುನ್ಸೂಚನೆಯೋ ಇಂದು ಗಣಕಯಂತ್ರದೊಳಗಿನ ಗಣಿತ ಮಾದರಿಗಳಿಂದ ಬರುತ್ತದೆ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆಯಲ್ಲಿ ಸಿದ್ಧವಾಗಿ 2025ರ ಮೇ ತಿಂಗಳಲ್ಲಿ ಬಳಕೆಗೆ ಬಂದ ಮಾದರಿಯ ಜಾಲದ ಅಂತರ ಕೇವಲ 6 ಕಿಲೋಮೀಟರು. ಇಷ್ಟು ದೊಡ್ಡ ಲೆಕ್ಕದಲ್ಲಿ ದೋಷ ನುಸುಳಿದರೆ ಹುಡುಕುವುದೆಂತು? ಬೆಟ್ಟ, ಕಡಲು, ಮೋಡ ಎಲ್ಲವೂ ಕೂಡಿರುವಲ್ಲಿ ತಪ್ಪನ್ನು ಯಾವುದರ ಮೇಲಾದರೂ ಹೊರಿಸಬಹುದು.

ಆದ್ದರಿಂದಲೇ 1994ರಲ್ಲಿ ಹೆಲ್ಡ್ ಮತ್ತು ಸುವಾರೆಜ್ ಎಂಬ ಇಬ್ಬರು ವಿಜ್ಞಾನಿಗಳು ಒಂದು ಸರಳ ಪರೀಕ್ಷೆಯನ್ನು ಸೂಚಿಸಿದರು. ಅವರ ಕಲ್ಪನೆಯ ಭೂಮಿಯಲ್ಲಿ ಸಹ್ಯಾದ್ರಿಯಿಲ್ಲ, ಕಡಲಿಲ್ಲ, ಒಂದು ಹನಿ ಮಳೆಯೂ ಇಲ್ಲ, ಒಣಗಾಳಿಯೊಂದೇ. ಮಾದರಿಯನ್ನು 1200 ದಿನಗಳಷ್ಟು ಓಡಿಸಿ, ಮೊದಲ 200 ದಿನಗಳನ್ನು ಬಿಟ್ಟು, ಉಳಿದವುಗಳ ಸರಾಸರಿ ತೆಗೆಯಬೇಕು. ಉತ್ತರ, ದಕ್ಷಿಣ ಗೋಳಾರ್ಧಗಳೆರಡಕ್ಕೂ ನಿಯಮ ಒಂದೇ ಆದುದರಿಂದ ಎರಡರ ಗಾಳಿಯೂ ಕನ್ನಡಿಯ ಬಿಂಬದಂತೆ ಹೊಂದಬೇಕು. ಒಂದು ಕಡೆ ಎದ್ದು ಕಾಣುವಷ್ಟು ಬಲವಾದರೆ ಹಿಮಾಲಯವನ್ನು ದೂರುವಂತಿಲ್ಲ. ಅಲ್ಲಿ ಹಿಮಾಲಯವೇ ಇಲ್ಲವಲ್ಲ!

ದೋಷ ಹುಡುಕುವುದಕ್ಕೂ ಒಂದು ಕ್ರಮವುಂಟು. ಗಾಳಿಯ ಒಟ್ಟು ತೂಕ ದಿನದಿನಕ್ಕೆ ಬದಲಾಗುತ್ತಿದೆಯೇ? ಲೆಕ್ಕ ಕುಸಿದು ಬಿದ್ದರೆ, ಕಾಲದ ಹೆಜ್ಜೆಯನ್ನು ಅರ್ಧಕ್ಕಿಳಿಸಿದಾಗ ನಿಲ್ಲುತ್ತದೆಯೇ? ಸುಳಿಗಳೇ ಏಳದಿದ್ದರೆ, ಆರಂಭದ ನಿಶ್ಚಲ ಗಾಳಿಗೆ ಸಣ್ಣದೊಂದು ಕದಲಿಕೆ ಕೊಟ್ಟಿದ್ದೇವೆಯೇ? ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವ ಮದ್ದಿನಿಂದ ರೋಗ ವಾಸಿಯಾಯಿತೆಂದು ತಿಳಿಯದು.

ಈ ಪರೀಕ್ಷೆಯಲ್ಲಿ ಗೆದ್ದರೆ ಮಳೆಯ ಮಾತು ನಿಜವಾದೀತೆಂದು ಅರ್ಥವಲ್ಲ. ಮೋಡಗಳಿಗೆ ಬೇರೆ ಪರೀಕ್ಷೆಗಳಿವೆ. ಆದರೆ ಮನೆ ಗೆದ್ದು ಮಾರು ಗೆಲ್ಲಬೇಕಷ್ಟೆ.

ಆಂಗ್ಲ ವಿಜ್ಞಾನಿ ರಿಚರ್ಡ್‌ಸನ್ ಕೈಯಿಂದಲೇ ಲೆಕ್ಕ ಹಾಕಿ, ಆರು ಗಂಟೆಗಳಲ್ಲಿ ವಾಯುಭಾರ 145 ಮಿಲಿಬಾರ್ ಏರುವುದೆಂಬ ಉತ್ತರ ಪಡೆದನು. ವಾಸ್ತವದಲ್ಲಿ ಅದು ಹೆಚ್ಚುಕಡಿಮೆ ಕದಲಿರಲೇ ಇಲ್ಲ. ಆದರೂ ಆತ ಅದನ್ನು ಅಳಿಸಲಿಲ್ಲ; 1922ರ ತನ್ನ ಗ್ರಂಥದಲ್ಲಿ ಇದ್ದಂತೆಯೇ ಅಚ್ಚು ಹಾಕಿಸಿದನು. ಮೂಲ ದೋಷವಿದ್ದುದು ಸಮೀಕರಣಗಳಲ್ಲಲ್ಲ, ಆರಂಭದ ಅಂಕಿಗಳ ಅಸಮತೋಲನದಲ್ಲಿ ಎಂದು ಮುಂದಿನವರು ಕಂಡುಕೊಳ್ಳಲು ಆ ಪ್ರಾಮಾಣಿಕತೆಯೇ ದಾರಿಯಾಯಿತು.

ನಮ್ಮ ಪ್ರಯೋಗಶಾಲೆಗಳಲ್ಲಿ ನಡೆಯುವುದೇನು? ಅಳತೆ ಪುಸ್ತಕದ ಉತ್ತರಕ್ಕೆ ಹೊಂದದಿದ್ದರೆ ರಬ್ಬರು ಕೈಗೆ ಬರುತ್ತದೆ. ಇದು ಮಕ್ಕಳ ತಪ್ಪಲ್ಲ. ಉತ್ತರಕ್ಕೆ ಮಾತ್ರ ಅಂಕ ಕೊಡುವ ನಮ್ಮ ಪದ್ಧತಿಯ ತಪ್ಪು. ಹೊಂದದ ಅಳತೆಯನ್ನು ಹಾಗೆಯೇ ಬರೆದು, ಕಾರಣ ಹುಡುಕಿದ ವಿದ್ಯಾರ್ಥಿಗೂ ಅಂಕ ದೊರೆಯಬೇಕೆಂಬುದು ನನ್ನ ದೃಢ ಅಭಿಪ್ರಾಯ. ನಾಳೆ ಇವರಲ್ಲೊಬ್ಬರು ಮಳೆಯ ಲೆಕ್ಕ ಹಾಕಿಯಾರು. ಆಗ ಅವರ ಅಂಕಿಯನ್ನು ನಂಬಿ ಬೀಜ ಬಿತ್ತುವವರು ನಮ್ಮ ರೈತರೇ.