ಮರಳಿ ಬಂದ ಯೋಧನಿಗೆ ಮರಳಿ ಕಾಯಕ



ಸೈನ್ಯವನ್ನು ಸೇರಿದ ತರುಣನು ಹದಿನೇಳು ವರ್ಷ ಗಡಿ ಕಾಯ್ದು ಊರಿಗೆ ಮರಳಿದಾಗ ಅವನಿಗೆ ಎಷ್ಟೋ ಸಲ ನಲವತ್ತೂ ತುಂಬಿರುವುದಿಲ್ಲ. ಮಕ್ಕಳು ಇನ್ನೂ ಶಾಲೆಯಲ್ಲಿರುತ್ತಾರೆ, ತಂದೆತಾಯಿಗಳು ವೃದ್ಧರಾಗಿರುತ್ತಾರೆ. ದುಡಿಯಬಲ್ಲ ಕೈ ಬರಿದೆ ಕೂಡುವುದು ಕಾಯಕಧರ್ಮಕ್ಕೂ ಒಪ್ಪತಕ್ಕುದಲ್ಲ. ಆದರೆ ‘ವಯಸ್ಸು ಮೀರಿತು, ಪದವಿಯೂ ಇಲ್ಲ, ಇನ್ನು ಸರ್ಕಾರಿ ನೌಕರಿಯ ಆಸೆ ಏಕೆ?’ ಎಂದು ಮನೆಯವರೇ ಅವನನ್ನು ತಡೆಯುತ್ತಾರೆ. ನಿಯಮವು ಹಾಗೆ ಹೇಳುವುದಿಲ್ಲ.

ಮಾಜಿ ಸೈನಿಕರ ಮರುನೇಮಕಕ್ಕೆಂದೇ ಕೇಂದ್ರ ಸರ್ಕಾರವು 1979ರಲ್ಲಿ ನಿಯಮಗಳನ್ನು ರಚಿಸಿತು. ಅವುಗಳಂತೆ ‘ಸಿ’ ಗುಂಪಿನ ನೇರ ನೇಮಕಾತಿಯಲ್ಲಿ ನೂರಕ್ಕೆ 10 ಹುದ್ದೆಗಳು ಅವರಿಗೆ ಮೀಸಲು. ವಯಸ್ಸಿನಲ್ಲಿ ಸೈನ್ಯಸೇವೆಯ ವರ್ಷಗಳನ್ನು ಕಳೆಯುತ್ತಾರೆ. ಉಳಿದದ್ದು ನಿಗದಿತ ಮಿತಿಯನ್ನು 3 ವರ್ಷಕ್ಕಿಂತ ಹೆಚ್ಚಾಗಿ ಮೀರದಿದ್ದರೆ ಸಾಕು. 38 ವರ್ಷದವನು 17 ವರ್ಷ ಸೇವೆ ಸಲ್ಲಿಸಿದ್ದರೆ ಲೆಕ್ಕಕ್ಕೆ ಅವನ ವಯಸ್ಸು 21 ಮಾತ್ರ. ಮೆಟ್ರಿಕ್ ಮುಗಿಸಿ 15 ವರ್ಷಕ್ಕೆ ಕಡಿಮೆಯಿಲ್ಲದೆ ಸೇವೆ ಮಾಡಿದವನನ್ನು, ತಾಂತ್ರಿಕ ಅನುಭವ ಕಡ್ಡಾಯವಲ್ಲದೆಡೆ, ಪದವಿ ಬೇಡುವ ಮೀಸಲು ಹುದ್ದೆಗಳಿಗೂ ಪರಿಗಣಿಸಬಹುದು. ಸೇವಾವಧಿ ಮುಗಿಯಲು ಒಂದು ವರ್ಷವಿರುವಾಗಲೇ ಅರ್ಜಿ ಹಾಕಲು ಅವಕಾಶವಿದೆ. ಊರಿಗೆ ಬಂದ ಮೇಲೆ ನೋಡೋಣವೆಂದು ಆ ವರ್ಷವನ್ನು ಕಳೆದುಕೊಳ್ಳಬಾರದು.

ಇನ್ನು ಮನೆಯ ತಾಯಂದಿರ ವಿಷಯ. ಬದುಕಿರುವ ಮಾಜಿ ಸೈನಿಕನ ಮಡದಿಗೆ ಪತಿಯ ಮೀಸಲಾಗಲಿ ವಯಸ್ಸಿನ ರಿಯಾಯಿತಿಯಾಗಲಿ ದೊರೆಯುವುದಿಲ್ಲ. ಇದನ್ನರಿಯದೆ ಆ ಕಾಲಂ ತುಂಬಿದರೆ ಅರ್ಜಿಯೇ ಕೆಡುತ್ತದೆ. ಆಕೆ ಸ್ವಂತ ಅರ್ಹತೆಯಿಂದಲೇ ಸ್ಪರ್ಧಿಸಬೇಕು. ಪತಿಯು ಯುದ್ಧದಲ್ಲಿ ಹುತಾತ್ಮನಾಗಿದ್ದರೆ ಮಾತು ಬೇರೆ. ಸರ್ಕಾರಿ ಬ್ಯಾಂಕುಗಳಲ್ಲಿಯೂ ಕೇಂದ್ರದ ಉದ್ದಿಮೆಗಳಲ್ಲಿಯೂ ‘ಸಿ’ ಗುಂಪಿನ 14.5 ಶೇಕಡಾ ಮೀಸಲಿನೊಳಗೆ 4.5 ಶೇಕಡಾ ಅಂಗವಿಕಲ ಮಾಜಿ ಸೈನಿಕರಿಗೂ ಹುತಾತ್ಮರ ಅವಲಂಬಿತರಿಗೂ ಸಲ್ಲುತ್ತದೆ. ಮರುಮದುವೆಯಾಗದ ವಿಧವೆಯರಿಗೆ ಕೇಂದ್ರದ ‘ಸಿ’ ಗುಂಪಿನ ಹುದ್ದೆಗಳಲ್ಲಿ ಸಾಮಾನ್ಯವಾಗಿ 35 ವರ್ಷದವರೆಗೆ ವಯಸ್ಸಿನ ಸಡಿಲಿಕೆಯುಂಟು. ದುಃಖದ ಮನೆಯಲ್ಲಿ ಇದನ್ನು ತಿಳಿಸುವವರು ಯಾರು? ಬಂಧುಗಳಾದ ನಾವೇ ಅಲ್ಲವೇ?

ಮತ್ತೊಂದು ಎಚ್ಚರಿಕೆ. ಮೀಸಲಿನಲ್ಲಿ ಒಂದು ನೌಕರಿಗೆ ಸೇರಿದೊಡನೆ ಆ ಸೌಲಭ್ಯ ಮುಗಿಯುತ್ತದೆ. ಆದರೆ ಸೇರುವ ಮುನ್ನ ಬೇರೆ ಹುದ್ದೆಗಳಿಗೂ ಅರ್ಜಿ ಹಾಕಿದ್ದರೆ, ಅವುಗಳ ವಿವರವನ್ನು ದಿನಾಂಕಸಹಿತ ಸೇರಿದ ಕೂಡಲೇ ಕಚೇರಿಗೆ ಬರೆದುಕೊಡಬೇಕು. ಹಾಗೆ ಮಾಡಿದವರಿಗೆ ಆ ಹುದ್ದೆಗಳಿಗೂ ಸೌಲಭ್ಯ ಉಳಿಯುವುದೆಂದು 2014ರ ಆದೇಶವಿದೆ. ಈ ಒಂದು ಹಾಳೆಯನ್ನು ಬರೆದುಕೊಡದೆ ಉತ್ತಮ ಹುದ್ದೆಯನ್ನು ಕಳೆದುಕೊಳ್ಳುವಂತಾಗಬಾರದು.

ದಾಸೋಹವೆಂದರೆ ಅನ್ನವನ್ನು ನೀಡುವುದಷ್ಟೇ ಅಲ್ಲ, ಅರಿವನ್ನು ನೀಡುವುದೂ ದಾಸೋಹವೇ. ಇಂದು ಹೆಚ್ಚಿನ ಅರ್ಜಿಗಳು ಅಂತರ್ಜಾಲದಲ್ಲಿಯೇ ಸಲ್ಲಬೇಕು. ಬಂದೂಕು ಹಿಡಿದ ಕೈಗೆ ಅದು ಹೊಸದಾಗಿರಬಹುದು. ಓದಿದ ನಮ್ಮ ಮಕ್ಕಳಿಗೆ ಅರ್ಧ ತಾಸಿನ ಕೆಲಸ. ಶಿವಾನುಭವ ಗೋಷ್ಠಿಗೆ ಬಂದ ದಿನ ಅವರು ಮಠದ ಪಡಸಾಲೆಯಲ್ಲಿ ಕುಳಿತು, ಬಿಡುಗಡೆ ಪುಸ್ತಕದಲ್ಲಿರುವ ಹೆಸರೂ ಜನ್ಮದಿನಾಂಕವೂ ಶಾಲೆಯ ಪತ್ರದೊಡನೆ ತಾಳೆಯಾಗುವುದೇ ಎಂದು ನೋಡಿ ಅರ್ಜಿ ತುಂಬಿಕೊಡಲಿ. ಸಂಶಯವಿದ್ದರೆ ಜಿಲ್ಲೆಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಕಚೇರಿಯಲ್ಲಿ ವಿಚಾರಿಸಲಿ. ನೌಕರಿ ಕೊಡಿಸುವೆನೆಂದು ಹಣ ಕೇಳುವ ದಲ್ಲಾಳಿಯ ಮನೆಗೆ ಮಾತ್ರ ಯಾರೂ ಹೋಗದಿರಲಿ.

ದೇಶವನ್ನು ಕಾಯ್ದವನಿಗೆ ಹಾರ ಹಾಕುವುದು ಒಂದು ದಿನದ ಗೌರವ; ಕಾಯಕವನ್ನು ದೊರಕಿಸುವುದು ಬಾಳಿನ ಗೌರವ.